ಮೂರನೇ ಬಾಟಲಿಯ ಕಡಲೆ

12 ಸೆಪ್ಟೆಂಬರ್ 2011, ಜಹೀರಾಬಾದ್

ಪ್ರಾಕ್ಟಿಕಲ್‌ಗೆ ಬೀಜದ ಬಾಟಲಿಗಳು ಸಿದ್ಧ. ಒಂದನೆಯದು ಔಡಲ, ಎರಡನೆಯದು ತೊಗರಿ. ಮೂರನೆಯದು ಕೆಂಪು ಜವಾರಿ ಕಡಲೆ. ನಮ್ಮ ಲ್ಯಾಬ್ ಗುಡಿಸುವ ಸಾಯಮ್ಮ ಊರಿಂದ, ಸಿರ್ಗಾಪುರದಿಂದ, ತಂದುಕೊಟ್ಟದ್ದು. "ಬಿತ್ತೋ ಹೊತ್ತಿಗೆ ತಿರುಗಿ ಒಯ್ತೀನ್ರಿ ಮೇಡಂ." "ಒಯ್ಯಿ" ಅಂದಿದ್ದೆ.

ಹುಳ ಹಿಡಿಯದಿರಲೆಂದು ಇವತ್ತು ಪಾದರಸದ ವಿಷದಲ್ಲಿ ಅದ್ದಿ ಒಣಗಿಸಿದೆ. ಲೇಬಲ್ ಮೇಲೆ ಲ್ಯಾಟಿನ್ ಹೆಸರು ಮಾತ್ರ. ನಾಳೆಯಿಂದ ತೆಲಂಗಾಣ ಮುಷ್ಕರ, ಕಾಲೇಜು ಬಂದ್.

8 ಅಕ್ಟೋಬರ್

ಇಪ್ಪತ್ತೈದು ದಿನದ ಮೇಲೆ ಲ್ಯಾಬ್ ತೆಗೆಸಿದೆ. ಮೂರನೇ ಬಾಟಲಿ ಖಾಲಿ. ಯಾರೋ ತೊಳೆದು ಬೋರಲು ಹಾಕಿದ್ದಾರೆ...

ವಾಚ್‌ಮನ್ ಮೊಗಲಪ್ಪ: "ದಸರಾಕ್ಕ ಹೋಗುವಾಗ ಸಾಯಮ್ಮ ಒಯ್ದಾಳ್ರಿ. ನೀವೇ ಹೇಳೀರಂತಲ್ಲ?"

ಹೌದು, ನಾನೇ.

ಬಿತ್ತಿದರೆ ಚಿಂತೆಯಿಲ್ಲ. ಆದರೆ ಬಿತ್ತಿ ಉಳಿದದ್ದನ್ನು ಅವರು ಮತ್ತೆ ಬುಟ್ಟಿಗೆ ಹಾಕುವುದಿಲ್ಲ. ಗುಗ್ಗರಿ ಮಾಡಿ ಮನೆಮಂದಿಯೆಲ್ಲ ತಿನ್ನುತ್ತಾರೆ. ಅವಳೇ ಹೇಳಿದ್ದಳು, ನಾನೇ ಖುಷಿಯಿಂದ ನೋಟ್ಸ್ ಮಾಡಿಕೊಂಡಿದ್ದೆ.

ಅವಳ ಫೋನ್ ಸ್ವಿಚ್ ಆಫ್. ಬಸ್ಸಿಲ್ಲ. ಕವಿತೆ ಪುಸ್ತಕ ತೆರೆದೆ — ಒಂದು ಸಾಲೂ ಒಳಗಿಳಿಯಲಿಲ್ಲ.

9 ಅಕ್ಟೋಬರ್, ಬೆಳಿಗ್ಗೆ 11, ನಾರಾಯಣಖೇಡ

ಕೆಮಿಸ್ಟ್ರಿಯ ತುಳಸಿರಾಮ ಸರ್ ಬೈಕಿನಲ್ಲಿ ಹೊರಟೆ. ಇಲ್ಲಿ ರಸ್ತಾ ರೋಕೋ. "ಜೈ ತೆಲಂಗಾಣ ಅನ್ರಿ ಮೇಡಂ, ಬಿಡ್ತೀವಿ." ಅಂದೆ. ಮೂರು ಸಲ ಅಂದೆ. ಹುಡುಗರು ನಕ್ಕರು: "ಇಷ್ಟು ಜೋರು ನಮ್ಮ ಲೀಡರೂ ಅನ್ನಂಗಿಲ್ರಿ!" ಆದರೂ ಬಿಟ್ಟಿಲ್ಲ.

ಸರ್‌ಗೆ ಕೇಳಿದೆ, ಕುದಿಸಿದರೆ ವಿಷ ಹೋಗುತ್ತದೆಯೇ? "ಇಲ್ಲ" ಅಂದು ಅವರು ಬೈಕನ್ನು ಹೊಲದ ದಾರಿಗೆ ತಿರುಗಿಸಿದರು.

ಮಧ್ಯಾಹ್ನ 2, ಸಿರ್ಗಾಪುರ

ಸಾಯಮ್ಮ ಬಾಗಿಲಲ್ಲೇ ಇದ್ದಳು. ಬದುಕಿದ್ದಾಳೆ. "ಏನ್ರಿ ಮೇಡಂ, ಕಡ್ಲಿ ಕಸಗೊಳ್ಳಾಕ ಬಂದೀರೇನು?"

ನಿನ್ನೆ ಬಿತ್ತಿದ್ದಾರೆ. ಉಳಿದದ್ದು ರಾತ್ರಿ ನೆನೆದು, ಈಗ ಒಲೆಯ ಮೇಲೆ. ಗಡಿಗೆಯನ್ನೇ ತಿಪ್ಪೆಗೆ ಸುರಿದೆ. ವಿಷ ಅಂದೆ. ನಾನೇ ಹಾಕಿದ್ದು ಅಂದೆ. ಮೊಮ್ಮಕ್ಕಳು ಅಳತೊಡಗಿದವು. ನನಗೆ ಉಸಿರು ಬಂತು.

ಸಾಯಮ್ಮ ಖಾಲಿ ಗಡಿಗೆಯನ್ನು ನನ್ನ ಕೈಯಿಂದ ಇಸಕೊಂಡಳು.

"ಮೇಡಂ... ಅರ್ಧ ಸುಜಾತಾಗ ಕಟ್ಟಿಕೊಟ್ಟೀನ್ರಿ."

ಮಗಳು ಸುಜಾತಾ. ಐದು ತಿಂಗಳ ಬಸುರಿ. ನಸುಕಿನಲ್ಲೇ ಲಾರಿ ಹಿಡಿದು ತಾಂಡೂರಿಗೆ, ಗಂಡನ ಮನೆಗೆ ಹೋಗಿದ್ದಾಳೆ. "ಹುರಿದ ಕಡ್ಲಿ ಅಂದ್ರ ಆಕಿಗಿ ಭಾಳ ಬಯಕಿ..."

ಬೀಜದೊಳಗೆ ತಾಯಿಗಿಡ ಬುತ್ತಿ ಕಟ್ಟಿಟ್ಟಿರುತ್ತದೆ — ಪ್ರತಿ ವರ್ಷ ಇದೇ ಮಾತಿನಿಂದ ಪಾಠ ಶುರು ಮಾಡುತ್ತೇನೆ.

2.40

ಸುಜಾತಾಳ ಫೋನಿಗೆ ಏಳನೇ ಸಲ. ಸರ್ ಸ್ಪೀಕರ್ ಹಾಕಿದ್ದಾರೆ. ಕಾಯುತ್ತಲೇ ಇದನ್ನು ಬರೆಯುತ್ತಿದ್ದೇನೆ. ರಿಂಗಾಗುತ್ತಿದೆ. ಸಾಯಮ್ಮ ನನ್ನ ಸೆರಗು ಹಿಡಿದಿದ್ದಾಳೆ. ಸುಜಾತಾ ಎತ್ತಿದಳು. "ಯವ್ವಾ, ಊರು ಮುಟ್ಟೀನಿ" ಅನ್ನುತ್ತಿದ್ದಾಳೆ, ಬಾಯಲ್ಲಿ ಏನೋ ಕಟುಂ ಕಟುಂ ಅಂತ