ಲಾಯದ ಮನೆಯ ಒಲೆ

ಮೇಗುಂದ
೧೨-೨-೨೦೦೭

ಪೂಜ್ಯ ಅತ್ತೆಯವರಿಗೆ,

ಸೊಸೆ ಭಾರ್ಗವಿಯ ನಮಸ್ಕಾರಗಳು. ನಿಮ್ಮ ಮಂಡಿನೋವು ಹೇಗಿದೆ? ಡಾಕ್ಟರು ಕೊಟ್ಟ ಎಣ್ಣೆ ಹಚ್ಚುತ್ತಿದ್ದೀರೋ, ನರಸಿಂಹರಾಜಪುರದ ಮಗಳ ಮನೆಯಲ್ಲೂ ಬಾಟಲಿಯನ್ನು ಕಿಟಕಿಯಲ್ಲಿಟ್ಟು ನೋಡುತ್ತ ಕೂತಿದ್ದೀರೋ? ಫೋನ್ ಮಾಡಿದರೆ ನೀವು ‘ಹ್ಞೂಂ’ ಎಂದು ರಿಸೀವರನ್ನು ಮಗಳ ಕೈಗೆ ದಾಟಿಸುತ್ತೀರಿ. ಕಾಗದವನ್ನು ಹಾಗೆ ದಾಟಿಸಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದಿ, ಆಮೇಲೆ ಬೇಕಾದರೆ ಬೈಯಿರಿ.

ನಿಮ್ಮ ಸಿಟ್ಟು ನನಗೆ ಗೊತ್ತು. ಬಂಗಲೆಯ ಹಿಂದಿನ ಕುದುರೆಲಾಯವನ್ನು ಮೂರು ಪುಟ್ಟ ಮನೆ ಮಾಡಿ, ಒಂದೊಂದಕ್ಕೂ ಅಡುಗೆಕೋಣೆ ಕಟ್ಟಿಸಿ, ದೊರೆ ಕಾಲದ ಬಂಗಲೆ ನೋಡಲು ಬಂದವರು ಅಲ್ಲಿ ತಂಗಿ ತಾವೇ ಬೇಯಿಸಿಕೊಳ್ಳಲಿ ಎಂದು ನಿಮ್ಮ ಮಗ ಹೇಳಿದಾಗಲೇ ನೀವು, ‘ಬಂದವ್ರ ಕೈಗೆ ಸೌಟು ಕೊಡೋದಾ? ಎಂತ ಮರ್ಯಾದೆ ಮಾರಾಯ ಇದು!’ ಎಂದಿದ್ದಿರಿ. ಮೊದಲ ಅತಿಥಿಗಳು ಬಂದ ದಿನ ಯಾರಿಗೂ ಹೇಳದೆ ಬಾಳೆಲೆ ಸಮೇತ ಊಟ ಹೊತ್ತುಕೊಂಡು ಹೋದಿರಿ. ಅವರು ಆಗಲೇ ಚಿತ್ರಾನ್ನ ಕಲಸಿ ಉಂಡು ಕೈ ತೊಳೆದಿದ್ದರು. ತುಂಬಿದ ಪಾತ್ರೆ ಹಿಡಿದು ನೀವು ವಾಪಸು ಬರುವುದನ್ನು ಕಂಡು ನಾನು ನಕ್ಕುಬಿಟ್ಟೆ. ನಗಬಾರದಿತ್ತು. ಮರುದಿನ ನೀವು ಬಸ್ಸು ಹತ್ತಿದ್ದು ಅವರು ಉಣ್ಣಲಿಲ್ಲವೆಂದಲ್ಲ, ನಾನು ನಕ್ಕೆನೆಂದು. ತಪ್ಪಾಯಿತು ಅತ್ತೆ, ಮನಸ್ಸಿನಿಂದಲೇ ಹೇಳುತ್ತಿದ್ದೇನೆ.

ಹೋದ ವಾರ ಧಾರವಾಡದ ಕಡೆಯ ರೇಣುಕಪ್ಪ ಮೇಷ್ಟ್ರು ಹೆಂಡತಿಯ ಜೊತೆ ಬಂದಿದ್ದರು. ನಿಮ್ಮದೇ ವಯಸ್ಸಿನ ಹೆಂಗಸು. ಶೃಂಗೇರಿಗೆ ಹೋಗಿಬನ್ನಿ, ಹರಿಹರಪುರದ ಮಠ ನೋಡಿ ಎಂದು ಎಷ್ಟು ಹೇಳಿದರೂ ಆಕೆ ಲಾಯದ ಅಡುಗೆಕೋಣೆ ಬಿಟ್ಟು ಕದಲಲಿಲ್ಲ. ಮೂರು ದಿನವೂ ರೊಟ್ಟಿ ಬಡಿದದ್ದೇ ಬಡಿದದ್ದು. ಸದ್ದು ನಮ್ಮ ಜಗಲಿಗೂ ಕೇಳುತ್ತಿತ್ತು. ನನ್ನನ್ನೂ ಕರೆದು ಎಣ್ಣೆಗಾಯಿ ಬಡಿಸಿದರು. ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಆದರೂ ಎರಡು ರೊಟ್ಟಿ ತಿಂದೆ. ನಿಮಗೆ ಇಲ್ಲಿ ಬರೀ ಕೆಲಸವಾಯಿತಲ್ಲ ಎಂದೆ. ‘ಕೆಲಸಲ್ಲರೀ ತಂಗಿ. ಸೊಸಿ ಒಳ್ಳೇಕಿನ, ಆದ್ರ ನನಗ ಒಲಿ ಮುಟ್ಟಸಂಗಿಲ್ಲ. ನನ್ನ ಕೈಲೆ ರೊಟ್ಟಿ ಬಡದು ಎರಡು ವರ್ಷಾತು’ ಎಂದರು. ಹೊರಡುವಾಗ ಆ ಒಲೆಗೆ ಅರಿಶಿನ ಕುಂಕುಮ ಹಚ್ಚಿ ಹೋಗಿದ್ದಾರೆ. ಗ್ಯಾಸ್ ಒಲೆಗೆ, ಅತ್ತೆ! ಬಂದವರಿಗೆ ಊಟ ಹಾಕುವುದೊಂದೇ ಉಪಚಾರವಲ್ಲ, ಕೆಲವರಿಗೆ ಒಲೆ ಕೊಡುವುದೂ ಉಪಚಾರವೇ ಎಂದು ನನಗೆ ಅವತ್ತು ಅನಿಸಿತು. ನಿಮಗೂ ಅನಿಸೀತು.

ಬಸ್ಸಿನ ಸುಬ್ಬರಾಯ ಸಿಕ್ಕಿದ್ದ. ‘ಅಲ್ಲಿಗೆ ಬರೋರಿಗೆ ಉಪ್ಪಿನಕಾಯಿನಾದ್ರೂ ಕೊಡ್ತಾರಂತಾ?’ ಎಂದು ನೀವು ವಿಚಾರಿಸಿದಿರಂತೆ. ಕೊಡುತ್ತಿದ್ದೇವೆ. ನಿಮ್ಮ ಅಪ್ಪೆಮಿಡಿಯ ಭರಣಿ ಅರ್ಧಕ್ಕೆ ಬಂದಿದೆ. ಹೊಸದಾಗಿ ಹಾಕುವ ಕಾಲಕ್ಕೆ ನೀವು ಇಲ್ಲದಿದ್ದರೆ ಹೇಗೆ? ನಿಮ್ಮ ಮಗ ಬಾಯಿಬಿಟ್ಟು ಹೇಳುವುದಿಲ್ಲ, ದಿನಕ್ಕೆರಡು ಸಲ ಬಸ್ಸಿನ ಹೊತ್ತಿಗೆ ಗೇಟಿನ ತನಕ ಹೋಗಿಬರುತ್ತಾರೆ. ಅಲ್ಲಿ ಎಲ್ಲರಿಗೂ ನಮ್ಮ ನೆನಪು ಹೇಳಿ. ನಿಮ್ಮ ಆಶೀರ್ವಾದವಿರಲಿ.

ನಿಮ್ಮ ಸೊಸೆ,
ಭಾರ್ಗವಿ

ಮರೆತಿದ್ದೆ: ಮದುವೆಯಾಗಿ ಹನ್ನೆರಡು ವರ್ಷ. ನಿಮ್ಮ ಅಡುಗೆಮನೆಯಲ್ಲಿ ಹೆಚ್ಚಿದ್ದೇನೆ, ರುಬ್ಬಿದ್ದೇನೆ, ಬಡಿಸಿದ್ದೇನೆ. ಒಗ್ಗರಣೆ ಮಾತ್ರ ಯಾವತ್ತೂ ನಿಮ್ಮದೇ. ಅದು ನಿಮ್ಮದೇ ಆಗಿರಲಿ. ಆದರೆ ಮೊನ್ನೆ ಖಾಲಿಯಿದ್ದ ಮೂರನೇ ಮನೆಯಲ್ಲಿ ಒಬ್ಬಳೇ ನಿಂತು ಒಂದು ಸಾರು ಮಾಡಿದೆ, ನನ್ನಮ್ಮ ಮಾಡುತ್ತಿದ್ದ ಹಾಗೆ. ಚೆನ್ನಾಗಿತ್ತು. ಬರುವ ಗುರುವಾರ ಆ ಮನೆಯನ್ನು ಯಾರಿಗೂ ಕೊಟ್ಟಿಲ್ಲ, ಅತಿಥಿಗಳ ಪುಸ್ತಕದಲ್ಲಿ ‘ಯಮುನಮ್ಮ, ಒಬ್ಬರು’ ಎಂದು ನಿಮ್ಮ ಹೆಸರನ್ನೇ ಬರೆದಿದ್ದೇನೆ. ಅವತ್ತು ಅಡುಗೆ ನನ್ನದು. ಈ ಮನೆಯಲ್ಲಿ ನೀವು ಮೊದಲ ಪಂಕ್ತಿಯಲ್ಲಿ ಕೂತು ಉಂಡದ್ದನ್ನು ನಾನು ಕಂಡೇ ಇಲ್ಲ. ಬನ್ನಿ. ಉಪ್ಪು ಕಡಿಮೆಯಾದರೆ ಹೇಳಿ, ಏಳಬೇಡಿ.