ಗಾಳಿಗೆ ಬಿಟ್ಟ ರೂಮು

ಮಾರ್ಚ್ ೩

ನಮ್ಮ ಮನೆ ಸೊಸೆಗೆ,

ಕಾಗದ ಬರೆಯುವುದು ನನ್ನ ಕೆಲಸವಲ್ಲ. ಐದನೇ ಕ್ಲಾಸಿಗೇ ಶಾಲೆಗೆ ದೊಡ್ಡ ನಮಸ್ಕಾರ ಹಾಕಿದವನು ನಾನು. ಆದರೂ ನಿಮ್ಮತ್ತೆ ಬೆಳಗ್ಗೆಯಿಂದ ಪೆನ್ನು, ಹಾಳೆ ಮುಂದಿಟ್ಟು ಪೊಲೀಸಿನವಳ ಹಾಗೆ ಬಾಗಿಲಲ್ಲಿ ನಿಂತಿದ್ದಾಳೆ. ಫೋನ್ ಮಾಡುತ್ತೇನೆ ಬಿಡು ಎಂದರೆ, “ಬೇಡ. ನೀವು ಫೋನಲ್ಲಿ ಚೆನ್ನಾಗಿದ್ದೀಯಾ ಅಂತ ಕೇಳಿದ್ರೂ ಬೈದ ಹಾಗೇ ಇರುತ್ತೆ. ಬರೀರಿ. ಪೆನ್ನಿಗೆ ಗಂಟಲಿಲ್ಲ,” ಎನ್ನುತ್ತಾಳೆ. ನೀನೂ ಫೋನ್ ಎತ್ತುತ್ತಿಲ್ಲ, ಅದು ಬೇರೆ ಮಾತು. ನಿನ್ನ ಕಾರ್ಡು ಬಂದು ಬಹಳ ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಮಾಡಿಕೊಳ್ಳಲು ಬೇರೆ ಕಾರಣವಿದೆ, ಅದನ್ನೇ ಬರೆಯುತ್ತೇನೆ.

ನಾವು ಚೆನ್ನಾಗಿದ್ದೇವೆ. ನಿಮ್ಮತ್ತೆಯ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ಅಡುಗೆಮನೆ ನಲ್ಲಿಯ ವಾಷರ್ ನಾನೇ ಬದಲಾಯಿಸಿದೆ. ಈಗ ಮೊದಲಿಗಿಂತ ಚೆನ್ನಾಗಿ ಸೋರುತ್ತಿದೆ.

ವಿಷಯಕ್ಕೆ ಬರುತ್ತೇನೆ. ನಿನ್ನ ಶಾಲೆಯ ವಿಜ್ಞಾನದ ಮೇಷ್ಟ್ರು ನಿನ್ನನ್ನು ಮದುವೆಯಾಗುವೆಯಾ ಎಂದು ಕೇಳಿದ್ದನ್ನು ನೀನು ನಿಮ್ಮತ್ತೆಗೆ ಹೇಳಿದೆ. “ಮಾವನಿಗೆ ಸದ್ಯಕ್ಕೆ ಹೇಳ್ಬೇಡಿ” ಎಂದೂ ಹೇಳಿದೆ. ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುವುದು ನಿದ್ದೆಯಲ್ಲಿ ಮಾತ್ರ. ಫೋನ್ ಇಟ್ಟ ಕೂಡಲೇ ನನಗೆ ಹೇಳಿದಳು. ನಾನು ಎದ್ದು ಹೋಗಿ, ನೀನೂ ನಮ್ಮ ಮಗನೂ ಇದ್ದ ರೂಮಿನ ಬೀಗ ತೆಗೆದು ಒಳಗಿದ್ದುದನ್ನೆಲ್ಲ ಹೊರಗೆ ಹಾಕಿದೆ. ಮಂಚ, ಬೀರು, ಅವನ ಶರ್ಟುಗಳು, ನಿನ್ನ ಪುಸ್ತಕದ ಪೆಟ್ಟಿಗೆ, ಎಲ್ಲ. ಯಾಕೆಂದು ಯಾರಿಗೂ ಹೇಳಲಿಲ್ಲ. ಅದೇ ಹೊತ್ತಿಗೆ ನಿಮ್ಮತ್ತೆಯ ತಂಗಿ ಬಂದಳು, ಕಂಡಳು, ನಿನಗೆ ಸುದ್ದಿ ಮುಟ್ಟಿಸಿದಳು. “ನಿಮ್ಮ ಮಾವ ಸಿಟ್ಟಲ್ಲಿ ನಿನ್ನ ಸಾಮಾನೆಲ್ಲ ಎತ್ತಿ ಹೊರಗೆ ಹಾಕ್ಬಿಟ್ರಮ್ಮ” ಅಂದಳಂತೆ. ಅವಳ ಕಣ್ಣಿಗೆ ಹಾಗೇ ಕಂಡಿರಬೇಕು. ಸಿಟ್ಟಿಲ್ಲದಿದ್ದರೂ ನಾನು ಮಂಚ ಎತ್ತುವಾಗ ಮಂಚವನ್ನು ಬೈಯುತ್ತೇನೆ.

ಆಮೇಲೆ ಬಂತು ನಿನ್ನ ಕಾರ್ಡು. “ರೂಮು ಖಾಲಿಯಾದದ್ದು ಗೊತ್ತಾಯಿತು ಮಾವ. ನಾನೂ ಈಗ ಎಂಪ್ಟಿ.” ಅಷ್ಟೇ. ಕೆಳಗೆ ಒಂದು ನಮಸ್ಕಾರವೂ ಇಲ್ಲ.

ಓದಿ ಪಿತ್ತ ನೆತ್ತಿಗೇರಿತು. ಎಂಪ್ಟಿ ನಮ್ಮ ಯಾರ್ಡಿನ ಮಾತು. ಪೆಟ್ರೋಲ್ ಟ್ಯಾಂಕರ್ ತೊಳೆಯುವ ಜಾಗದಲ್ಲಿ ಅದನ್ನು ಕೂಗಿ ಕೂಗಿಯೇ ನನ್ನ ಗಂಟಲು ಹೀಗಾದದ್ದು. ಅದು ಗಾಡಿಗೆ ಹೇಳುವ ಮಾತು, ಮನುಷ್ಯರಿಗಲ್ಲ. ಆದರೆ ನೀನು ಇಂಗ್ಲಿಷ್ ಟೀಚರು, ಸುಮ್ಮನೆ ಬರೆದಿರಲಾರೆ ಎಂದು ಕಾರ್ಡು ಹಿಡಿದು ಮೇಲಿನ ಮನೆಗೆ ಹತ್ತಿದೆ. ಅಲ್ಲಿರುವವನು ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದವನು, ನಾವೆಲ್ಲ ಕೊಂಬುದೀರ್ಘ ಅನ್ನುತ್ತೇವಲ್ಲ, ಅವನೇ. ಇಟ್ಟಿಗೆಯಂಥ ಡಿಕ್ಷನರಿ ಇಳಿಸಿದ.

“ನೋಡಿ, ಬಹಳ ಹಳೇ ಇಂಗ್ಲಿಷಿನಲ್ಲಿ ಈ ಮಾತಿಗೆ ಬಿಡುವಾಗಿರೋದು, ಕೈಯಲ್ಲಿ ಕೆಲಸ ಇಲ್ಲದಿರೋದು ಅಂತ ಅರ್ಥ ಇತ್ತು,” ಅಂದ. “ಮದುವೆ ಆಗದೆ ಇರೋರಿಗೂ ಹೇಳ್ತಿದ್ರು. ಒಳಗೇನೂ ಇಲ್ಲ ಅನ್ನೋ ಅರ್ಥವೇ ಕೊನೆಗೆ ಉಳ್ಕೊಂಡಿದ್ದು. ಇನ್ನೊಂದು ತಮಾಷೆ ಕೇಳಿ, ಮಧ್ಯದ ‘ಪ’ ಮೊದಲು ಇರಲೇ ಇಲ್ಲ. ಬಾಯಿ ‘ಮ’ದಿಂದ ‘ಟ’ಕ್ಕೆ ಹೋಗೋವಾಗ ತಾನಾಗೇ ಬಂದು ಸೇರ್ಕೊಂಡಿತು.”

“ನಮ್ಮ ನಾದಿನಿ ಹಾಗೆ,” ಅಂದೆ. “ಕರೀದೇ ಬಂದು ಮಧ್ಯೆ ಕೂರೋದು. ಅದಿರಲಿ, ಇವಳು ಬರೆದಿರೋದು ಯಾವ ಅರ್ಥ?”

“ಅದು ಇದರಲ್ಲಿಲ್ಲ ಸ್ವಾಮಿ. ಬರೆದವರನ್ನೇ ಕೇಳ್ಬೇಕು.”

ಅದಕ್ಕೇ ಕೇಳುತ್ತಿದ್ದೇನೆ. ಆದರೆ ಮೊದಲು ನಾನು ಮಾಡಿದ್ದು ಯಾಕೆಂದು ಹೇಳಿಬಿಡುತ್ತೇನೆ.

ತುಂಬಿದ ಟ್ಯಾಂಕರಿಗೆ ನಾವ್ಯಾರೂ ಅಷ್ಟು ಹೆದರುತ್ತಿರಲಿಲ್ಲ. ಸರಕು ಇಳಿಸಿ, ಮುಚ್ಚಳ ಬಿಗಿದು ತಂದ ಎಂಪ್ಟಿ ಕಂಡರೆ ಹೆದರುತ್ತಿದ್ದೆವು. ಬಗ್ಗಿ ನೋಡಿದರೆ ಏನೂ ಇರುವುದಿಲ್ಲ, ಹಳೆಯದರ ಆವಿ ಮಾತ್ರ ಕೂತಿರುತ್ತದೆ. ಇಳಿದವನ ಉಸಿರು ಅಲ್ಲೇ ಕಟ್ಟುತ್ತದೆ. ಅದಕ್ಕೆ ತೊಳೆದು, ಮುಚ್ಚಳವನ್ನೆಲ್ಲ ತೆರೆದು ಗಾಳಿಗೆ ಬಿಡುತ್ತಿದ್ದೆವು. ಮಾಲೀಕ ಬಂದು ಬೇಗ ಬೇಗ ಎಂದು ಕುಣಿದರೂ ಅಷ್ಟು ಬೇಗ ತುಂಬಲು ಕೊಡುತ್ತಿರಲಿಲ್ಲ, ಮುಚ್ಚಲೂ ಕೊಡುತ್ತಿರಲಿಲ್ಲ.

ನಮ್ಮ ಹುಡುಗ ಜ್ವರವೆಂದು ಮಲಗಿ ಏಳದೇ ಹೋದ ಮೇಲೆ ನಿಮ್ಮತ್ತೆ ಆ ರೂಮಿಗೆ ಬೀಗ ಹಾಕಿದಳು. ನೀನು ದೂರದ ಶಾಲೆಗೆ ಕೆಲಸಕ್ಕೆ ಹೋದೆ. ರಜೆಗೆ ಬಂದಾಗಲೆಲ್ಲ ಬೀಗ ತೆಗೆಸಿ ಅಲ್ಲೇ ಮಲಗುತ್ತಿದ್ದೆ. ಬೆಳಗ್ಗೆ ಊದಿದ ಕಣ್ಣಲ್ಲಿ ಬಂದು, “ಚೆನ್ನಾಗಿ ನಿದ್ದೆ ಬಂತು ಮಾವ” ಅನ್ನುತ್ತಿದ್ದೆ. ನಾನೂ ಹೂಂ ಅನ್ನುತ್ತಿದ್ದೆ. ಮೊಳೆಗೆ ಅವನ ಶರ್ಟು ನೇತಾಡುತ್ತಿರುವ ಕಡೆ ಮಲಗಿ ನೀನು ಆ ಮೇಷ್ಟ್ರಿಗೆ ಏನು ಹೇಳುವುದೆಂದು ಹೇಗೆ ಯೋಚಿಸುತ್ತೀಯಮ್ಮ? ಹಾಗಾಗಿ ತೆರೆದೆ. ನೆಲ ತೊಳೆದೆ, ಗೋಡೆಗೆ ಬಣ್ಣ ಹೊಡೆದೆ, ಕಿಟಕಿ ತೆಗೆದಿಟ್ಟೆ. ನಿಮ್ಮತ್ತೆ ಅತ್ತಳು. ಆಮೇಲೆ ಅವಳೇ ಪರದೆ ಒಗೆದು ಹಾಕಿದಳು. ಶರ್ಟುಗಳನ್ನು ಅವಳು ತನ್ನ ಬೀರುವಿನಲ್ಲಿ ಇಟ್ಟುಕೊಂಡಿದ್ದಾಳೆ. ನಿನ್ನ ಪುಸ್ತಕ ನನ್ನ ಮಂಚದ ಕೆಳಗಿದೆ, ಒಂದು ಹಾಳೆಯೂ ಹೋಗಿಲ್ಲ.

ರೂಮು ನಿನ್ನದು. ಮೇಷ್ಟ್ರಿಗೆ ಹೂಂ ಅಂದರೂ ನಿನ್ನದು, ಊಹೂಂ ಅಂದರೂ ನಿನ್ನದು. ಇಬ್ಬರೂ ಬರುವುದಾದರೆ ಹಳೇ ಮಂಚ ಬೇಡ, ಬೇರೆ ತರಿಸುತ್ತೇನೆ. ಒಪ್ಪಿಗೆ ಕೇಳಬೇಡ, ನಾನು ಕೊಡುವವನಲ್ಲ, ಅದು ನಿನ್ನ ಬದುಕು. ಆ ಮನುಷ್ಯ ಒಳ್ಳೆಯವನೋ ಅಲ್ಲವೋ ಅದನ್ನು ಮಾತ್ರ ನೋಡು. ಜೋರಾಗಿ ಮಾತಾಡುವವನಾದರೆ ಎರಡು ಸಲ ಯೋಚಿಸು, ಬೇಕಾದರೆ ನಿಮ್ಮತ್ತೆಯನ್ನು ಕೇಳು.

ನೂರು ಕಾಲ ಚೆನ್ನಾಗಿ ಬಾಳು. ಹೊತ್ತುಹೊತ್ತಿಗೆ ತಿನ್ನು.

ಇಂತಿ,
ನಿನ್ನ ಮಾವ

ತಾ.ಕ.: ಇದನ್ನು ನಿಮ್ಮತ್ತೆಗೆ ತೋರಿಸದೆ ಬರೆಯುತ್ತಿದ್ದೇನೆ. ಅವನು ಹೋದ ಮೇಲೆ ನನ್ನನ್ನು ಅಪ್ಪ ಅನ್ನುವವರು ಯಾರೂ ಇಲ್ಲ. ಮಾವ ಅನ್ನುವವಳು ನೀನೊಬ್ಬಳು. ಆ ಮೇಷ್ಟ್ರಿಗೆ ತಂದೆ ಇದ್ದಾರಂತೆ. ಇರಲಿ, ದೇವರು ಅವರನ್ನು ಚೆನ್ನಾಗಿಟ್ಟಿರಲಿ. ಮದುವೆಯಾದ ಮೇಲೆ ನಿನಗೆ ಮಾವ ಅವರು. ಆಗ ನನ್ನನ್ನು ಏನಂತ ಕರೆಯುತ್ತೀಯ? ಬೇಗ ಬರೆದು ತಿಳಿಸು.