ಅವ್ವನ ಮೂವತ್ತು ಗುಂಟೆ

ಮಾರ್ಚ್ 26, 2025, ಬುಧವಾರ

ಆಸ್ತಿ-ಹೊಣೆಗಾರಿಕೆ ಪಟ್ಟಿ ಕೊಟ್ಟೆ. ನೌಕರಿಗೆ ಸೇರಿದ ಮೇಲೆ ಇದು ಏಳನೆಯದು. ಒಂದು ಸರ, ಎರಡು ಓಲೆ, ಸ್ಕೂಟಿ, ಸ್ಕೂಟಿಯ ಸಾಲ. ಅವಲಂಬಿತರು: ತಾಯಿ ಪುಟ್ಟಸಿದ್ದಮ್ಮ. ಜಮೀನು: ಇಲ್ಲ. ಹತ್ತು ನಿಮಿಷದ ಕೆಲಸ. ಪಕ್ಕದ ಸೆಕ್ಷನ್ನಿನ ನಂಜುಂಡೇಶ್ ಮೂರು ದಿನದಿಂದ ತಲೆ ಕೆರೆದುಕೊಳ್ಳುತ್ತಿದ್ದಾರೆ. ‘ಗೌತಮಿ ಮೇಡಂ, ನಿಮ್ ಫಾರಂ ಆರಾಮು ಕಣ್ರೀ, ಒಂದೇ ಪುಟ’ ಎಂದರು. ನಕ್ಕೆ. ಆಮೇಲೆ ಎಲ್ಲೋ ಚುರುಕ್ ಎಂದಿತು.

ಎಫ್‌ಡಿಎ ಪ್ರಮೋಷನ್ ಲಿಸ್ಟಿನಲ್ಲಿ ನನ್ನ ಹೆಸರು ಎರಡನೆಯದು!

ಏಪ್ರಿಲ್ 4, ಶುಕ್ರವಾರ, ಮಧ್ಯಾಹ್ನ 3

ನೋಟಿಸ್. ನನಗೆ.

ಸಹಿಯಿಲ್ಲದ ದೂರು ಬಂದಿದೆಯಂತೆ. ನಮ್ಮೂರು ಹಂಪಾಪುರದಲ್ಲಿ ಮೂವತ್ತು ಗುಂಟೆ ಹೊಲ, ತಾಯಿಯ ಹೆಸರಲ್ಲಿ, ಹೋದ ವರ್ಷ ರಿಜಿಸ್ಟರ್. ‘ಲಂಚದ ಹಣದಿಂದ ಖರೀದಿಸಿ ಮರೆಮಾಚಿರುತ್ತಾರೆ.’ ಹದಿನೈದು ದಿನದಲ್ಲಿ ಉತ್ತರ ಕೊಡಬೇಕು. ಅಲ್ಲಿಯವರೆಗೆ ಪ್ರಮೋಷನ್ ಇಲ್ಲ. ಜೊತೆಗೆ ಪಹಣಿಯ ಪ್ರತಿ. ಮಾಲೀಕರ ಕಾಲಂನಲ್ಲಿ ಅವ್ವನ ಹೆಸರು, ಅಚ್ಚಾಗಿ.

ನನಗೆ ಗೊತ್ತೇ ಇಲ್ಲ. ಯಾರು ನಂಬುತ್ತಾರೆ?

ಏಪ್ರಿಲ್ 6, ಭಾನುವಾರ, ಹಂಪಾಪುರ

ಅವ್ವ ಹಸುವಿಗೆ ಬೂಸ ಕಲಸುತ್ತಿದ್ದಳು. ಪಹಣಿಯನ್ನು ಅವಳ ಮುಂದೆ ಹಿಡಿದೆ. ಅವಳಿಗೆ ಓದಲು ಬರದು, ಆದರೂ ಒಂದೇ ನೋಟಕ್ಕೆ ಅದೇನೆಂದು ಗೊತ್ತಾಯಿತು.

‘ಯಾರ್ ಕೊಟ್ರವ್ವ ಇದ್ನ?’ ಎಂದು ನನ್ನನ್ನೇ ಕೇಳಿದಳು.

‘ಯಾರ ದುಡ್ಡವ್ವ ಇದು? ನನ್ನ ಕೆಲಸ ಹೋಗುತ್ತೆ!’ ಕೂಗಿಬಿಟ್ಟೆ. ಅಕ್ಕಪಕ್ಕದವರು ಇಣುಕಿದರು.

ಅವಳು ಕೈ ತೊಳೆದಳು. ನಿಧಾನಕ್ಕೆ ಸೆರಗಿನಲ್ಲಿ ಒರೆಸಿಕೊಂಡಳು. ಡೇರಿ ದುಡ್ಡಂತೆ. ಎರಡು ಹಸುವಿನ ಹಾಲು. ಹೊಲ ಮಾಯಮ್ಮನವರದು — ಅವ್ವ ಮದುವೆಯಾಗಿ ಬಂದಾಗಿನಿಂದ ಕೂಲಿ ಮಾಡಿದ ಹೊಲ. ಮೂರು ಲಕ್ಷಕ್ಕೆ ಮಾತು. ಹನ್ನೊಂದು ವರ್ಷ ಚೂರುಚೂರೇ ಕಟ್ಟಿ ತೀರಿಸಿದ್ದಾಳೆ. ಶುರುವಾದಾಗ ನಾನಿನ್ನೂ ಕಾಲೇಜಿನಲ್ಲಿದ್ದೆ.

‘ನಂಗ್ಯಾಕೆ ಹೇಳಲಿಲ್ಲ?’

‘ಹೇಳಿದ್ರೆ ನೀನೂ ಸಂಬಳ ಹಾಕ್ತಿದ್ದೆ. ಆಗ ಅದು ನಿಂದಾಗೋದು. ನಂಗೆ ನಂದು ಬೇಕಿತ್ತು ಕಣವ್ವ.’

ಕೊನೆಯ ಬಸ್ಸು ಹಿಡಿದು ಹುಣಸೂರಿನ ನನ್ನ ರೂಮಿಗೆ ಬಂದೆ. ದಾರಿಯುದ್ದಕ್ಕೂ ಅಳು... ಭಯಕ್ಕೋ, ಅವಳ ಮೇಲೆ ಕೂಗಿದ್ದಕ್ಕೋ.

ಏಪ್ರಿಲ್ 10, ಗುರುವಾರ

ನಂಜುಂಡೇಶ್ ಒಂದು ಡ್ರಾಫ್ಟ್ ಬರೆದು ತಂದರು. ತಾಯಿಗೂ ನನಗೂ ಸಂಬಂಧವಿಲ್ಲ, ಐದು ವರ್ಷದಿಂದ ಮಾತಿಲ್ಲ ಎಂದು. ‘ಸೈನ್ ಹಾಕ್ಬುಡಿ. ಕೇಸು ಅಲ್ಲಿಗೇ ಮುಗೀತದೆ.’ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

ಹಾಕಲಿಲ್ಲ. ನಾನೇ ಬರೆದೆ. ನನಗೆ ತಿಳಿದಿರಲಿಲ್ಲ, ತಿಳಿದದ್ದು ಏ. 4ಕ್ಕೆ, ಹಣ ನನ್ನ ತಾಯಿಯ ದುಡಿಮೆ. ವಿಚಾರಣೆ ಮಾಡಿ, ತಾಯಿಯೇ ಬಂದು ಹೇಳುತ್ತಾರೆ.

ಕೊಟ್ಟು, ನನ್ನ ಪ್ರತಿಗೆ ಮೊಹರು ಹಾಕಿಸಿಕೊಂಡೆ.

ಜೂನ್ 17, ಮಂಗಳವಾರ

ಎರಡು ತಿಂಗಳು ಬರೆಯಲು ಮನಸ್ಸಿರಲಿಲ್ಲ. ಪ್ರಮೋಷನ್ ಲಿಸ್ಟಿನ ಮೂರನೆಯವಳು ಮೇ ತಿಂಗಳಲ್ಲೇ ಎಫ್‌ಡಿಎ ಆದಳು. ಕ್ಯಾಂಟೀನಿಗೆ ಹೋಗುವುದನ್ನು ಬಿಟ್ಟೆ. ಹೋದರೆ ಮಾತು ನಿಲ್ಲುತ್ತಿತ್ತು.

ಇವತ್ತು ವಿಚಾರಣೆ. ಅಧಿಕಾರಿ ಜಯಲಕ್ಷ್ಮಮ್ಮ, ಮೈಸೂರಿನವರು. ನಗು ಇಲ್ಲದ ಮುಖ.

ಅವ್ವ ಬಂದಳು. ಜೊತೆಗೆ, ಎಚ್.ಡಿ. ಕೋಟೆಯಲ್ಲಿ ಬಸ್ಸು ಬದಲಿಸಿಕೊಂಡು, ಎಪ್ಪತ್ತೈದರ ಮಾಯಮ್ಮನವರು! ನಾನು ಕರೆದಿರಲಿಲ್ಲ. ಕಂಕುಳಲ್ಲಿ ಹಳೆಯ ನೋಟ್‌ಬುಕ್ಕು.

‘ಈ ಜಮೀನಿನಲ್ಲಿ ಮಗಳ ಹಣ ಎಷ್ಟಿದೆ?’ ಅಧಿಕಾರಿ ಅವ್ವನನ್ನು ಕೇಳಿದರು.

‘ಒಂದ್ರೂಪಾಯ್ನೂ ಇಲ್ಲ ತಾಯಿ. ನನ್ನ ಹಸ, ನನ್ನ ಹಾಲು, ನನ್ನ ಕೈ. ಬ್ಯಾಂಕಿನ್ ಪುಸ್ತಕ ನೋಡ್ಕಳಿ.’

ಮೂರು ಪಾಸ್‌ಬುಕ್ ಮೇಜಿನ ಮೇಲಿಟ್ಟಳು. ಕೂರಲು ಹೇಳಿದರೂ ಕೂರಲಿಲ್ಲ.

ಮಾಯಮ್ಮನವರು ಕೇಳುವ ಮೊದಲೇ ಶುರುಮಾಡಿದರು. ‘ನಮ್ಮೊಲ ಗೇದವ್ಳು ಇವ್ಳು. ಮಾರ್ತೀನಿ ಅಂದಾಗ ಮೊದ್ಲು ಕೇಳುದ್ಲು, ಮಾತು ಕೊಟ್ಟೆ. ಕೊಟ್ಟ ಒಂದೊಂದ್ ಕಂತ್ಗೂ ನಾನೇ ಬರ್ದಿವ್ನಿ. ನಮ್ಮೈದ್ನನ ಮಗ ಚೆಲುವರಾಜು ಬಂದು, ಕೂಲಿಯೋಳ್ಗೆ ಯಾಕೆ, ನಂಗೇ ಕೊಡು ಅಂತ ಜಗ್ಲಿ ಮ್ಯಾಲೆ ಕೂಗಾಡ್ದ. ಅರ್ಜಿ ಅವುಂದೇ ಇರ್ಬೇಕು. ಅವನ್ನೂ ಕರ್ಸಿ, ನನ್ನೆದ್ರುಗೆ ಹೇಳ್ಲಿ.’

ಜಯಲಕ್ಷ್ಮಮ್ಮ ನೋಟ್‌ಬುಕ್ಕನ್ನೂ ಪಾಸ್‌ಬುಕ್ಕನ್ನೂ ಪಕ್ಕಪಕ್ಕ ಇಟ್ಟು ಬೆರಳಿಟ್ಟು ನೋಡುತ್ತಾ ಹೋದರು. 2013ರಿಂದ. ಅರ್ಧ ಗಂಟೆ. ಕೊನೆಗೆ ಕನ್ನಡಕ ತೆಗೆದು ಕೇಳಿದರು, ‘ನಿಮ್ಮ ಮಗಳು ನೌಕರಿಗೆ ಸೇರುವ ಮೊದಲೇ ಅರ್ಧ ಕಟ್ಟಿದ್ದೀರಲ್ಲ?’

‘ಅವಳ್ನ ಓದ್ಸಿದ್ದೂ ಅದ್ರಲ್ಲೇ’ ಎಂದಳು ಅವ್ವ.

ಹೊರಗೆ ಬಂದು ಮೂವರೂ ಮಸಾಲೆ ದೋಸೆ ತಿಂದೆವು. ಮಾಯಮ್ಮನವರು ಅವ್ವನ ಪಕ್ಕದಲ್ಲಿ, ಒಂದೇ ಬೆಂಚಿನ ಮೇಲೆ. ಅದನ್ನೂ ನಾನು ಮೊದಲ ಸಲ ನೋಡಿದ್ದು.

ಜುಲೈ 25, ಶುಕ್ರವಾರ

ಆದೇಶ ಬಂತು!! ‘ಆರೋಪ ಸಾಬೀತಾಗಿಲ್ಲ. ಪ್ರಕರಣ ಮುಕ್ತಾಯ.’ ಸೀನಿಯಾರಿಟಿ ಸಮೇತ ಪ್ರಮೋಷನ್. ಕೊನೆಗೊಂದು ಸಾಲು: ಸ್ವಂತ ಆದಾಯ ಇರುವುದರಿಂದ ತಾಯಿಯನ್ನು ಅವಲಂಬಿತರ ಪಟ್ಟಿಯಿಂದ ಕೈಬಿಡತಕ್ಕದ್ದು.

ನಂಜುಂಡೇಶ್ ಕೈ ಕುಲುಕಿದರು. ‘ನನ್ ಡ್ರಾಫ್ಟ್ ಹರ್ದಾಕಿ ಮೇಡಂ’ ಎಂದರು. ಇಡೀ ಸೆಕ್ಷನ್ನಿಗೆ ಮೈಸೂರುಪಾಕು ಹಂಚಿದೆ. ಕ್ಯಾಂಟೀನಿಗೂ ಹೋಗಿ ನಡುಮಧ್ಯದ ಟೇಬಲ್ಲಿನಲ್ಲೇ ಕೂತೆ.

ಅವ್ವನಿಗೆ ಫೋನಿನಲ್ಲಿ ಓದಿ ಹೇಳಿದೆ. ಪ್ರಮೋಷನ್ ಎಂದರೆ ‘ಆಗ್ಲಿ’ ಎಂದಳು. ಕೊನೆಯ ಸಾಲನ್ನು ಮಾತ್ರ ಮೂರು ಸಲ ಓದಿಸಿದಳು. ‘ಅಂಗಂದ್ರೆ ಸರ್ಕಾರವೇ ಹೇಳ್ತಾ, ನಾನು ಯಾರ್ ಹಂಗಲ್ಲೂ ಇಲ್ಲ ಅಂತ?’ ಹೌದು ಎಂದೆ. ಫೋನಿನಲ್ಲಿ ಅವಳು ಅಷ್ಟು ಜೋರಾಗಿ ನಕ್ಕಿದ್ದನ್ನು ಎಂದೂ ಕೇಳಿರಲಿಲ್ಲ.

ಜುಲೈ 27, ಭಾನುವಾರ, ಹೊಲದಲ್ಲಿ

ರಾಗಿ ಬಿತ್ತನೆ. ಕೂರಿಗೆ ಬಾಡಿಗೆಯದು, ಎತ್ತೂ ಬಾಡಿಗೆಯವು, ನೆಲ ಮಾತ್ರ ಸ್ವಂತ. ಅವ್ವ ಸೀರೆ ಎತ್ತಿ ಕಟ್ಟಿ ಕಾಳು ಬಿಡುತ್ತಿದ್ದಾಳೆ. ನನಗೆ ಹಿಂದಿನಿಂದ ಅವರೆಕಾಳು ಹಾಕುವ ಕೆಲಸ. ‘ಒತ್ತೊತ್ತಾಗಿ ಹಾಕ್ಬ್ಯಾಡ, ಆಪೀಸಲ್ಲ ಇದು’ ಎಂದು ಎಲ್ಲರೆದುರು ಬೈದಳು. ಹೊಸ ಎಫ್‌ಡಿಎಗೆ!

ಬೈಸಿಕೊಂಡು ಇಷ್ಟು ಖುಷಿಯಾದದ್ದು ನೆನಪಿಲ್ಲ. ಮಣ್ಣು ಹದವಾಗಿದೆ. ಬದುವಿನ ಮೇಲೆ ಚೆಲುವರಾಜು ಹೋದ; ಅವ್ವ ತಲೆ ಎತ್ತಿ, ‘ಊಟ ಆಯ್ತೇನಪ್ಪ?’ ಎಂದು ಕೇಳಿದಳು. ಅವನು ನಿಂತ, ‘ಹ್ಞೂ’ ಎಂದ, ಹೋದ.

ಮುದ್ದೆ ಉಂಡು ಹೊಂಗೆ ಮರದ ಕೆಳಗೆ ಬರೆಯುತ್ತಿದ್ದೇನೆ. ಮೋಡ ಕಟ್ಟುತ್ತಿದೆ. ಅವ್ವ ಕೂಗುತ್ತಿದ್ದಾಳೆ, ಇನ್ನೂ ನಾಲ್ಕು ಸಾಲು ಬಾಕಿಯಂತೆ, ಮಳೆಗೆ ಮುಂಚೆ ಮುಗಿಸಬೇಕು. ಹೊರಟೆ.